ಬೀಡಿ, ನಡಿಗೆ, ಊಟದ ಬಟ್ಟಲು: ಮೂರನ್ನೂ ಒಟ್ಟಿಗೆ ಹಿಡಿಯುವುದು ಯಾಕೆ?

ಕಾಸರಗೋಡು ಜಿಲ್ಲೆಯಲ್ಲಿ ಈಗ ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಚೀಲದಿಂದ ಫೋನಿನ ಜೊತೆ ಒಂದು ಟೇಪೂ ಹೊರಗೆ ಬರುತ್ತದೆ. "ಬೀಡಿ, ಸಿಗರೇಟು ಉಂಟಾ?" "ಎಲೆಗೆ ಹೊಗೆಸೊಪ್ಪು ಹಾಕುತ್ತೀರಾ?" "ವಾರದಲ್ಲಿ ಎಷ್ಟು ನಡೆಯುತ್ತೀರಿ?" "ಅಪ್ಪ ಅಮ್ಮನಿಗೆ ಶುಗರ್ ಇತ್ತಾ?" ಕೊನೆಗೆ ಸೊಂಟದ ಸುತ್ತಳತೆ. ಮೂವತ್ತು ದಾಟಿದವರ ಬಗ್ಗೆ ಹೀಗೆ ಮನೆಮನೆಗೆ ಹೋಗಿ ಮಾಹಿತಿ ಸೇರಿಸುವ 'ಶೈಲಿ' ಎಂಬ ಆ್ಯಪನ್ನು ಕೇರಳದ ಆರೋಗ್ಯ ಇಲಾಖೆ 2022ರಲ್ಲಿ ಶುರು ಮಾಡಿತು.

ಇದರ ಬಗ್ಗೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಗೊಣಗಾಟ ಹೆಚ್ಚುಕಡಿಮೆ ಒಂದೇ. ಬೀಡಿ ಬಿಡಿ ಅಂದರೆ ಅರ್ಥವಾಗುತ್ತದೆ. ಅದರ ಜೊತೆ ನಡಿಗೆ, ಪಲ್ಯ, ಉಪ್ಪು, ಸೊಂಟ ಎಲ್ಲ ಯಾಕೆ? ಒಂದನ್ನು ಬಿಡಿಸುವುದೇ ಕಷ್ಟ, ಮೂರನ್ನು ಒಟ್ಟಿಗೆ ಹೇಳಿದರೆ ಯಾರು ಕೇಳುತ್ತಾರೆ? ನ್ಯಾಯವಾದ ಪ್ರಶ್ನೆಯೇ. ಉತ್ತರ ಮೈಯೊಳಗೆ ಸ್ವಲ್ಪ ಇದೆ, ಊರೊಳಗೆ ಸ್ವಲ್ಪ ಇದೆ.

ಯಾವ ಕಾಯಿಲೆಗಳ ಮಾತು ಇದು?

ಹೃದಯಾಘಾತ, ಪಾರ್ಶ್ವವಾಯು, ಬಿಪಿ, ಸಕ್ಕರೆ ಕಾಯಿಲೆ, ಕೆಲವು ಬಗೆಯ ಕ್ಯಾನ್ಸರ್, ವರ್ಷಗಟ್ಟಲೆ ಕಾಡುವ ದಮ್ಮು. ಇವು ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಆಸ್ಪತ್ರೆಯಲ್ಲಿ 'ಎನ್‌ಸಿಡಿ ಕ್ಲಿನಿಕ್' ಅಂತ ಬೋರ್ಡು ಕಂಡರೆ ಅದು ಇವುಗಳಿಗೆ. ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಬೆಳೆದು, ಒಂದು ದಿನ ಎದೆನೋವಿನ ರೂಪದಲ್ಲಿ ಎದುರಾಗುತ್ತವೆ.

ಕೇರಳದಲ್ಲಿ ಇವು ಎಷ್ಟು ಹಬ್ಬಿವೆ? ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯವರು 2016–17ರಲ್ಲಿ ನಡೆಸಿದ ಸರ್ವೆಯ ಪ್ರಕಾರ ದೊಡ್ಡವರಲ್ಲಿ ಸುಮಾರು ಶೇ. 30 ಮಂದಿಗೆ ಬಿಪಿ, ಶೇ. 19 ಮಂದಿಗೆ ಸಕ್ಕರೆ ಕಾಯಿಲೆ. ಅಂದರೆ ಮದುವೆ ಊಟದ ಪಂಕ್ತಿಯಲ್ಲಿ ಕೂತ ಪ್ರತಿ ಐದು ಜನರಲ್ಲಿ ಒಬ್ಬರಿಗೆ ಪಾಯಸ ಬಡಿಸುವವರು ಎದುರು ಬಂದರೆ ಸಂಕಟ.

ತಂಬಾಕಿನ ವಿಷಯದಲ್ಲಿ ಮಾತ್ರ ಕೇರಳ ಸುಧಾರಿಸಿದೆ. ಕೇಂದ್ರ ಸರಕಾರದ ತಂಬಾಕು ಸಮೀಕ್ಷೆಯಲ್ಲಿ 2009–10ಕ್ಕೆ ಶೇ. 21.4 ಇದ್ದ ಬಳಕೆದಾರರು 2016–17ಕ್ಕೆ ಶೇ. 12.7ಕ್ಕೆ ಇಳಿದಿದ್ದರು. ಅದೇ ವರ್ಷ ತಲಪಾಡಿ ಗೇಟಿನ ಆಚೆ, ಕರ್ನಾಟಕದಲ್ಲಿ, ಶೇ. 22.8. ಸಾರ್ವಜನಿಕ ಸ್ಥಳದಲ್ಲಿ ಸೇದಬಾರದು ಅಂತ ಕೇರಳ ಹೈಕೋರ್ಟು 1999ರಲ್ಲೇ ಹೇಳಿತ್ತು. ದೇಶಕ್ಕೆಲ್ಲ ಕಾನೂನು ಬಂದದ್ದು ಆಮೇಲೆ, 2003ರಲ್ಲಿ. ಹಾಗಾದರೆ ಬೀಡಿ ಕಡಿಮೆಯಾದರೂ ಶುಗರು, ಬಿಪಿ ಯಾಕೆ ಇಷ್ಟು? ತಂಬಾಕು ಒಂದನ್ನೇ ಹಿಡಿದರೆ ಸಾಲದು ಅನ್ನುವುದಕ್ಕೆ ಇದೇ ಮೊದಲ ಸುಳಿವು.

ಹೃದಯದ ಲೆಕ್ಕ

ಈ ಬಗ್ಗೆ ಹೆಸರಾದ ಒಂದು ಅಧ್ಯಯನ ಇದೆ, ಇಂಟರ್‌ಹಾರ್ಟ್ ಅಂತ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾಯಿತು. ಮುಂದಾಳು ಡಾ. ಸಲೀಂ ಯೂಸುಫ್. ಕೇರಳದ ಕೊಟ್ಟಾರಕ್ಕರದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಓದಿದವರು. ಎರಡು ರಾಜ್ಯದ ನಡುವೆ ಬದುಕುವ ನಮಗೆ ಅವರು ಎರಡು ಕಡೆಯಿಂದಲೂ ನೆಂಟರೇ ಅಲ್ವಾ!

ಮೊದಲ ಸಲ ಆಗುವ ಹೃದಯಾಘಾತದ ಅಪಾಯದಲ್ಲಿ ಶೇ. 90ಕ್ಕೂ ಜಾಸ್ತಿ ಪಾಲು ಒಂಬತ್ತು ಕಾರಣಗಳಿಂದಲೇ ಬರುತ್ತದೆ ಅನ್ನುವುದು ಅವರಿಗೆ ಸಿಕ್ಕ ಉತ್ತರ. ಧೂಮಪಾನ, ರಕ್ತದ ಕೆಟ್ಟ ಕೊಬ್ಬು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿ ಕಡಿಮೆ ತಿನ್ನುವುದು, ಮೈ ಆಡಿಸದಿರುವುದು, ಮತ್ತೆ ಮದ್ಯದ ಪಾತ್ರ. ನಮ್ಮ ದಕ್ಷಿಣ ಏಷ್ಯಾದವರಿಗೆ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಎನ್ನುವುದೂ ಅಲ್ಲೇ ಕಂಡಿತು.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಬಿಪಿ, ಶುಗರು, ಬೊಜ್ಜು, ಕೊಬ್ಬು ಬೇರೆ ಬೇರೆ ಹೆಸರು. ಅವುಗಳಿಗೆ ದಾರಿ ಮಾಡಿಕೊಡುವುದು ಮಾತ್ರ ತಂಬಾಕು, ಊಟ, ಮೈ ಆಡಿಸದಿರುವುದು. ಮೂರೂ ಒಂದೇ ರಕ್ತನಾಳದ ಮೇಲೆ ಕೆಲಸ ಮಾಡುತ್ತವೆ. ಹೊಗೆ ನಾಳದ ಒಳಪದರವನ್ನು ಕೆಡಿಸುತ್ತದೆ, ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಕೆಟ್ಟ ಕೊಬ್ಬು ಕೆಟ್ಟ ಪದರಕ್ಕೆ ಬೇಗ ಅಂಟುತ್ತದೆ. ಬಿಪಿ ಅದನ್ನು ಒಳಗಿನಿಂದ ಒತ್ತುತ್ತದೆ. ಸೇದುವವರಿಗೆ ಸಕ್ಕರೆ ಕಾಯಿಲೆ ಬರುವ ಸಂಭವವೇ ಸೇದದವರಿಗಿಂತ ಶೇ. 30ರಿಂದ 40ರಷ್ಟು ಜಾಸ್ತಿ. ಆದ್ದರಿಂದ ಎರಡು ಮೂರು ಕಾರಣ ಒಟ್ಟಿಗೆ ಇದ್ದವರಲ್ಲಿ ಅಪಾಯ ಸುಮ್ನೆ ಕೂಡಿಕೊಂಡು ಹೋಗುವುದಿಲ್ಲ, ಗುಣಿಸಿಕೊಂಡು ಹೋಗುತ್ತದೆ.

ಟೇಪಿನ ಹಿಂದಿನ ಅಂಕ

ಆಶಾ ಕಾರ್ಯಕರ್ತೆ ಕೇಳುವ ಪ್ರಶ್ನೆಗಳ ಮೂಲ ದೇಶದಾದ್ಯಂತ ಬಳಸುವ ಒಂದು ಪುಟ್ಟ ಫಾರಂ. ಅದರಲ್ಲಿ ಆರು ವಿಷಯಕ್ಕೆ ಅಂಕ. ಇದು ಪರೀಕ್ಷೆಯ ಅಂಕದ ಉಲ್ಟಾ, ಜಾಸ್ತಿ ಬಂದರೆ ಕಷ್ಟ.

ಒಬ್ಬರನ್ನು ಊಹಿಸಿಕೊಳ್ಳೋಣ. ಬದಿಯಡ್ಕ ಕಡೆಯವರು, ವಯಸ್ಸು 46. ನಲವತ್ತರ ಹರೆಯಕ್ಕೆ 2 ಅಂಕ. ದಿನಾ ಬೀಡಿ ಉಂಟು, ಅದಕ್ಕೆ 2. ಕುಡಿಯುವುದಿಲ್ಲ, 0. ಸೊಂಟ 94 ಸೆಂಟಿಮೀಟರು. ಗಂಡಸರಿಗೆ 90 ದಾಟಿದರೆ 1, ನೂರು ದಾಟಿದರೆ 2, ಹಾಗಾಗಿ ಇವರಿಗೆ 1. (ಹೆಂಗಸರಿಗೆ ಈ ಗೆರೆ 80 ಮತ್ತು 90.) ಮನೆಯಿಂದ ಅಂಗಡಿಗೂ ಸ್ಕೂಟರು, ವಾರಕ್ಕೆ 150 ನಿಮಿಷದ ವ್ಯಾಯಾಮ ಇಲ್ಲ, 1. ತಾಯಿಗೆ ಶುಗರ್ ಇತ್ತು, 2. ಒಟ್ಟು 8. ನಾಲ್ಕು ದಾಟಿದವರನ್ನು ಮೊದಲು ತಪಾಸಣೆಗೆ ಕಳುಹಿಸಬೇಕು ಅಂತ ನಿಯಮ. ಇವರು ಅದರ ಎರಡು ಪಟ್ಟು.

ಈಗ ಇದರಲ್ಲಿ ಬದಲಾಯಿಸಲು ಆಗುವುದು ಯಾವುದು? ವಯಸ್ಸು ಆಗುವುದಿಲ್ಲ. ತಾಯಿಯ ಕಾಯಿಲೆ ಆಗುವುದಿಲ್ಲ. ಅದು ಎರಡೇ 4 ಅಂಕ. ಉಳಿದದ್ದು ಬೀಡಿ, ಸೊಂಟ, ನಡಿಗೆ. ಬೀಡಿ ಪೂರ್ತಿ ಬಿಟ್ಟರೂ 'ಹಿಂದೆ ಸೇದುತ್ತಿದ್ದವರು' ಅಂತ 1 ಅಂಕ ಉಳಿಯುತ್ತದೆ, ಒಟ್ಟು ಏಳಕ್ಕೆ ಬರುತ್ತದೆ ಅಷ್ಟೆ. ನಡಿಗೆಯೂ ಸೇರಿದರೆ 6. ಸೊಂಟವೂ ಇಳಿದರೆ 5. ಮೂರನ್ನೂ ಮಾಡಿದರೂ ಇವರು ನಾಲ್ಕರ ಕೆಳಗೆ ಇಳಿಯುವುದಿಲ್ಲ. ಅಂದರೆ ತಪಾಸಣೆ ತಪ್ಪಿಸುವ ಹಾಗಿಲ್ಲ. ಅಂಕ ರೋಗ ಇದೆ ಅಂತ ಹೇಳುವುದಿಲ್ಲ, ಯಾರನ್ನು ಮೊದಲು ನೋಡಬೇಕು ಅಂತ ಹೇಳುತ್ತದೆ. ಬೀಡಿ ಬಿಟ್ಟದ್ದರ ನಿಜವಾದ ಲಾಭ ಈ ಒಂದು ಅಂಕಕ್ಕಿಂತ ಎಷ್ಟೋ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಬಿಟ್ಟು ಒಂದು ವರ್ಷ ಆಗುವಾಗ ಹೃದಯ ಕಾಯಿಲೆಯ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಬೀಡಿ ಬಿಟ್ಟರೆ ಒಳಗೆ ಏನಾಗುತ್ತದೆ?

ತಂಬಾಕಿನ ಚಟ ಹಿಡಿಸುವುದು ನಿಕೋಟಿನ್. ಒಂದು ದಮ್ಮು ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮೆದುಳಿಗೆ ತಲುಪಿ ಖುಷಿ ಕೊಡುವ ರಾಸಾಯನಿಕವನ್ನು ಬಿಡಿಸುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಆಗ ಮೆದುಳು ಮತ್ತೆ ಕೇಳುತ್ತದೆ. ಬೆಳಿಗ್ಗೆ ಎದ್ದು ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕೇ ಬೇಕು ಅನ್ನುವವರಲ್ಲಿ ಚಟ ಗಟ್ಟಿಯಾಗಿದೆ ಎಂದು ವೈದ್ಯರು ಲೆಕ್ಕ ಹಾಕುವುದು ಇದಕ್ಕೇ. ರಾತ್ರಿಯಿಡೀ ನಿಕೋಟಿನ್ ಇಳಿದಿರುತ್ತದೆ.

"ಸಿಗರೇಟಿನಷ್ಟು ಇದರಲ್ಲಿ ಇಲ್ಲ, ಇದು ಎಲೆ" ಎಂಬ ಸಮಾಧಾನ ಬೀಡಿ ಸೇದುವವರಲ್ಲಿ ಉಂಟು. ಬೀಡಿಯೊಳಗೆ ತಂಬಾಕು ಕಡಿಮೆ, ನಿಜ. ಆದರೆ ಬೀಡಿ ಎಲೆ ಕಾಗದದ ಹಾಗೆ ಗಾಳಿ ಬಿಡುವುದಿಲ್ಲ. ಆರಿಹೋಗದಂತೆ ಜೋರಾಗಿ, ಪದೇ ಪದೇ ಎಳೆಯಬೇಕು. ಕೊನೆಗೆ ಎದೆಗೆ ಇಳಿಯುವ ನಿಕೋಟಿನ್, ಟಾರು, ಕಾರ್ಬನ್ ಮೊನಾಕ್ಸೈಡು ಸಿಗರೇಟಿಗೆ ಸಮ, ಕೆಲವು ಸಲ ಅದಕ್ಕಿಂತಲೂ ಜಾಸ್ತಿ.

ಬಿಟ್ಟ ಇಪ್ಪತ್ತು ನಿಮಿಷದಲ್ಲಿ ಎದೆ ಬಡಿತ ಇಳಿಯಲು ಶುರು. ಒಂದೆರಡು ದಿನದೊಳಗೆ ರಕ್ತದ ಕಾರ್ಬನ್ ಮೊನಾಕ್ಸೈಡು ಸಹಜಕ್ಕೆ ಬರುತ್ತದೆ. ಆದರೆ ಇದೇ ದಿನಗಳು ತುಂಬ ಕೆಟ್ಟವು. ಸಿಟ್ಟು, ತಲೆಭಾರ, ನಿದ್ದೆಗೆಡುವುದು, ಮನಸ್ಸು ಒಂದು ಕಡೆ ನಿಲ್ಲದಿರುವುದು. ಮೊದಲ ವಾರ ಜೋರು, ಎರಡರಿಂದ ನಾಲ್ಕು ವಾರದಲ್ಲಿ ಹೆಚ್ಚಿನದು ಹೋಗುತ್ತದೆ. ಒಂದೊಂದು ಸಲ ಏಳುವ ಆಸೆ ಮಾತ್ರ ಕೆಲವೇ ನಿಮಿಷದ್ದು. ಆ ನಿಮಿಷಗಳನ್ನು ದಾಟಿಸುವುದೇ ಇಡೀ ಕಾರ್ಯಕ್ರಮದ ಸೂಕ್ಷ್ಮ.

ಒಂದು ಕಡೆ ಕಟ್ಟ ಹಾಕಿದರೆ

ಎತ್ತಡ್ಕ, ಬೆಳ್ಳೂರು ಕಡೆ ತೋಡಿಗೆ ಕಟ್ಟ ಕಟ್ಟಿದವರಿಗೆ ಗೊತ್ತು. ನಡುವೆ ಎಷ್ಟೇ ಗಟ್ಟಿ ಮಾಡಿದರೂ ಬದಿಯನ್ನು ನೋಡದಿದ್ದರೆ ನೀರು ದಡ ಕೊರೆದು ಹೊರಗೆ ಹೋಗುತ್ತದೆ. ತಂಬಾಕು ಬಿಡುವಾಗ ದಡ ಕೊರೆಯುವ ಜಾಗ ಬಾಯಿ.

ನಿಕೋಟಿನ್ ಹಸಿವನ್ನು ಅಡಗಿಸುತ್ತದೆ, ಮೈ ಸುಡುವ ಶಕ್ತಿಯನ್ನೂ ಸ್ವಲ್ಪ ಏರಿಸುತ್ತದೆ. ಅದು ಹೋದಾಗ ಎರಡೂ ತಿರುಗಿ ಬೀಳುತ್ತದೆ. ಹಸಿವು ಜಾಸ್ತಿ, ಖರ್ಚು ಕಡಿಮೆ. ಜೊತೆಗೆ ನಾಲಿಗೆ, ಮೂಗು ಚುರುಕಾಗುತ್ತವೆ, ಊಟ ರುಚಿಸುತ್ತದೆ. ಕೈಗೆ ಬಾಯಿಗೆ ಕೆಲಸವೂ ಬೇಕು. ಬೀಡಿಯ ಜಾಗಕ್ಕೆ ಬಾಳೆಕಾಯಿ ಚಿಪ್ಸು, ಗೋಳಿಬಜೆ, ಮಿಕ್ಸ್ಚರು ಬರುತ್ತವೆ. ಬಿಟ್ಟ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ತೂಕ ಏರುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಎಲ್ಲರಿಗೂ ಹಾಗಲ್ಲ, ಕೆಲವರಿಗೆ ಏರುವುದೇ ಇಲ್ಲ, ಕೆಲವರಿಗೆ ಹತ್ತು ಕಿಲೋ. ತೂಕ ಏರಿದರೂ ಬಿಟ್ಟದ್ದರ ಲಾಭವೇ ದೊಡ್ಡದು. ಇದರಲ್ಲಿ ವೈದ್ಯರಿಗೆ ಅನುಮಾನ ಇಲ್ಲ. ಆದರೆ ಹೊಟ್ಟೆ ಬಂತು, ಶುಗರ್ ಬಂತು ಅಂತ ಹೆದರಿ ಮತ್ತೆ ಬೀಡಿ ಹಿಡಿದವರು ಎಲ್ಲ ಊರಲ್ಲೂ ಸಿಗುತ್ತಾರೆ. ಊಟದ ಮಾತನ್ನು ಮೊದಲೇ ಜೊತೆಗೆ ಹೇಳುವುದು ಇದಕ್ಕೆ.

ಇನ್ನೊಂದು ಸೋರಿಕೆ ಎಲೆ ಅಡಿಕೆ. ಬೀಡಿ ಬಿಟ್ಟು ಹೊಗೆಸೊಪ್ಪು ಹಾಕಿ ಜಗಿಯತೊಡಗಿದರೆ ನಿಕೋಟಿನ್ ಬಿಟ್ಟ ಹಾಗೇ ಆಗಲಿಲ್ಲ, ಬಾಯಿ ಕ್ಯಾನ್ಸರಿನ ದಾರಿ ಬೇರೆ. ಅಡಿಕೆ ತೋಟದ ನಡುವೆ ಕೂತು ಹೇಳಲು ಕಷ್ಟವೇ, ಆದರೂ ಹೇಳಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪಿಲ್ಲದ ಎಲೆ ಅಡಿಕೆಯನ್ನೂ ಕ್ಯಾನ್ಸರ್ ತರುವ ಪಟ್ಟಿಯಲ್ಲಿ ಇಟ್ಟಿದೆ.

ಮತ್ತೆ ಚಹಾ. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ತಂಬಾಕಿನ ಹೊಗೆ ಪಿತ್ತಜನಕಾಂಗದ ಒಂದು ಕಿಣ್ವವನ್ನು ಚುರುಕು ಮಾಡುತ್ತದೆ, ಅದು ಚಹಾ ಕಾಫಿಯ ಕೆಫೀನನ್ನು ಬೇಗ ಕರಗಿಸುತ್ತದೆ. ಸೇದುವುದು ನಿಂತರೆ ಆ ಚುರುಕು ಇಳಿಯುತ್ತದೆ. ದಿನಕ್ಕೆ ಆರು ಚಹಾ ಕುಡಿಯುತ್ತಿದ್ದವರು ಅಷ್ಟೇ ಕುಡಿದರೂ ಮೈಯಲ್ಲಿ ಕೆಫೀನು ಜಾಸ್ತಿ ಹೊತ್ತು ನಿಲ್ಲುತ್ತದೆ. ಕೈ ನಡುಕ, ನಿದ್ದೆ ಇಲ್ಲ, ಎದೆ ಡವಡವ. ಎಲ್ಲವನ್ನೂ ಬೀಡಿ ಬಿಟ್ಟದ್ದರ ತಲೆಗೆ ಕಟ್ಟುತ್ತಾರೆ. ಚಹಾ ಕಡಿಮೆ ಮಾಡಿದರೆ ಈ ಕಾಟದಲ್ಲಿ ಒಂದು ಪಾಲು ಇಳಿಯುತ್ತದೆ. ಚಹಾ ಮತ್ತು ಬೀಡಿ ಜೋಡಿ ಆಗಿರುವವರಿಗೆ ಇನ್ನೂ ಒಳ್ಳೆಯದು, ಒಂದರ ನೆನಪು ಇನ್ನೊಂದನ್ನು ಎಳೆದು ತರುವುದು ಕಡಿಮೆಯಾಗುತ್ತದೆ.

ನಡಿಗೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಬೀಡಿಯ ಆಸೆ ಎದ್ದಾಗ ಹತ್ತು ಹದಿನೈದು ನಿಮಿಷ ಚುರುಕಾಗಿ ನಡೆದರೆ ಆ ಹೊತ್ತಿನ ಆಸೆ ಇಳಿಯುತ್ತದೆ. ಇದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಆದರೆ ವ್ಯಾಯಾಮ ಮಾಡಿದವರು ಆರು ತಿಂಗಳು, ವರ್ಷ ಕಳೆದರೂ ಬೀಡಿಯಿಂದ ದೂರ ಉಳಿಯುತ್ತಾರೆ ಎನ್ನುವುದಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿಲ್ಲ. ನಡಿಗೆಯೊಂದೇ ಬೀಡಿ ಬಿಡಿಸುತ್ತದೆ ಎಂದು ಯಾರಾದರೂ ವೇದಿಕೆಯಲ್ಲಿ ಹೇಳಿದರೆ ಅಷ್ಟನ್ನು ನಂಬಬೇಕಾಗಿಲ್ಲ. ಅದರ ಕೆಲಸ ಬೇರೆ: ಕೆಟ್ಟ ನಿಮಿಷಗಳನ್ನು ದಾಟಿಸುವುದು, ಏರುವ ತೂಕವನ್ನು ಹಿಡಿಯುವುದು, ಬಿಪಿ ಮತ್ತು ಶುಗರ್ ಇಳಿಸುವುದು, ನಿದ್ದೆ ತರಿಸುವುದು.

ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ, ಜೊತೆಗೆ ಎರಡು ದಿನ ಮಾಂಸಖಂಡಗಳಿಗೆ ಬಲ ಬರುವ ಕೆಲಸ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಎಂದರೆ 150 ಆಯಿತು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಅಳತೆ.

"ನಾನು ತೋಟದಲ್ಲಿ ಕೆಲಸ ಮಾಡುವವ, ನನಗೆ ಎಂಥ ವ್ಯಾಯಾಮ?" ಎಂಬ ಮಾತಿಗೆ ಉತ್ತರ ಕೆಲಸದ ಮೇಲೆ ಹೋಗುತ್ತದೆ. ಗುಡ್ಡೆಯಿಂದ ಸೊಪ್ಪು ಹೊತ್ತು ತರುವುದು, ಬಾವಿಯಿಂದ ನೀರು ಸೇದುವುದು, ತೋಟಕ್ಕೆ ಮಣ್ಣು ಹಾಕುವುದು ಎಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ಸೊಪ್ಪು ತರುವುದು ನಿಂತು ವರ್ಷಗಳಾದವು. ಅಡಿಕೆ ಮರ ಹತ್ತುವ ಬದಲು ಈಗ ಕೆಳಗೆ ನಿಂತು ಕಾರ್ಬನ್ ಫೈಬರ್ ದೋಟಿ ಹಿಡಿಯುತ್ತಾರೆ. ಪಂಪಿನ ಸ್ವಿಚ್ಚು ಜಗಲಿಯಲ್ಲಿದೆ. ತೋಟ ಉಂಟು, ತೋಟದ ದುಡಿಮೆ ಮೊದಲಿನಷ್ಟು ಮೈಗೆ ಬೀಳುವುದಿಲ್ಲ. ಊಟ ಮಾತ್ರ ಹಳೆಯ ದುಡಿಮೆಯ ಅಳತೆಯಲ್ಲೇ ನಡೆಯುತ್ತಿದೆ.

ಎದೆನೋವು, ನಡೆದರೆ ಉಸಿರು ಕಟ್ಟುವುದು ಇದ್ದವರು ಮೊದಲು ಡಾಕ್ಟರಿಗೆ ತೋರಿಸಿ ಆಮೇಲೆ ಶುರು ಮಾಡಬೇಕು.

ಬಟ್ಟಲಿನಲ್ಲಿ ಏನು ಬದಲಾಗಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಲ್ಲಿ ತರಕಾರಿ ಹಣ್ಣು ಬಟ್ಟಲಿನ ಅರ್ಧ ಜಾಗ ಹಿಡಿಯಬೇಕು. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಕುಚ್ಚಲಕ್ಕಿ ಅನ್ನ, ಪಲ್ಯ ನಂಜಿಕೊಳ್ಳುವಷ್ಟು. ಕುಚ್ಚಲಕ್ಕಿ ಬೆಳ್ತಿಗೆಗಿಂತ ಒಳ್ಳೆಯದೇ, ಆದರೆ ಎರಡನೇ ಸಲ ಬಡಿಸಿದ ರಾಶಿಗೆ ಆ ಒಳ್ಳೆಯತನ ಸಾಕಾಗುವುದಿಲ್ಲ. ಹೊಸ ಅಡುಗೆ ಕಲಿಯಬೇಕಾಗಿಲ್ಲ. ಹರಿವೆ, ಬಸಳೆ, ನುಗ್ಗೆಸೊಪ್ಪು, ತೊಂಡೆ, ಅಲಸಂಡೆ ಹಿತ್ತಿಲಲ್ಲೇ ಉಂಟು. ಸೌಟಿನ ಲೆಕ್ಕ ತಿರುಗಿಸಬೇಕು ಅಷ್ಟೆ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಒಳ್ಳೆಯ ಕೊಬ್ಬಿನ ಮೀನುಗಳೇ, ಹುರಿಯುವ ಬದಲು ಸಾರು ಮಾಡಿದರೆ ಇನ್ನೂ ಒಳ್ಳೆಯದು.

ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಬೇಕು, ಅಂದರೆ ಒಂದು ಟೀ ಚಮಚದಷ್ಟು, ಎಲ್ಲ ಸೇರಿ. ಗಂಜಿಯ ಜೊತೆ ಉಪ್ಪಿನಕಾಯಿ, ಹಪ್ಪಳ, ಒಣಮೀನು ಕೂತರೆ ಬೆಳಗ್ಗೆಯೇ ಅದು ಮುಗಿಯುತ್ತದೆ. ಸೇದುವವರ ನಾಲಿಗೆ ಮಂಕಾಗಿರುವುದರಿಂದ ಉಪ್ಪು ಖಾರ ಸ್ವಲ್ಪ ಮುಂದೆಯೇ ಬೇಕಾಗುತ್ತದೆ. ಬಿಟ್ಟ ಮೇಲೆ ನಾಲಿಗೆ ತಿಳಿಯಾಗುವ ಆ ವಾರಗಳು ಉಪ್ಪು ಇಳಿಸಲು ಒಳ್ಳೆಯ ಹೊತ್ತು.

ತೆಂಗಿನೆಣ್ಣೆಯ ಜಗಳಕ್ಕೆ ಇಲ್ಲಿ ಇಳಿಯುವುದಿಲ್ಲ. ಅದರ ಕೊಬ್ಬಿನಲ್ಲಿ ಸುಮಾರು ಶೇ. 90 ಸ್ಯಾಚುರೇಟೆಡ್ ಬಗೆಯದ್ದು, ಹೃದಯದ ವೈದ್ಯರು ಮಿತಿ ಇರಲಿ ಎನ್ನುವುದು ಅದಕ್ಕೆ. ಮಿತಿ ಎಂದರೆ ಒಗ್ಗರಣೆ, ಬಾಣಲೆ ತುಂಬ ಅಲ್ಲ.

ಒಬ್ಬೊಬ್ಬರಿಗೇ ಹೇಳಿದರೆ ಸಾಲದೇ? ಊರು ಯಾಕೆ?

ಉತ್ತರಕ್ಕೆ ಸ್ವಲ್ಪ ದೂರ ಹೋಗಬೇಕು. ಫಿನ್‌ಲ್ಯಾಂಡಿನ ಪೂರ್ವ ಗಡಿಯಲ್ಲಿ ಉತ್ತರ ಕರೇಲಿಯಾ ಎಂಬ ಪ್ರಾಂತ್ಯ ಇದೆ. ಅದೂ ಗಡಿನಾಡೇ. ಕಾಡು, ಹೈನುಗಾರಿಕೆ, ಬಡತನ. 1970ರ ಸುಮಾರಿಗೆ ಅಲ್ಲಿಯ ನಡುಹರೆಯದ ಗಂಡಸರು ಹೃದಯಾಘಾತಕ್ಕೆ ಸಾಯುತ್ತಿದ್ದ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚು. ಅಲ್ಲಿಯ ಜನರೇ 1971ರಲ್ಲಿ ಸರಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಕಾರ್ಯಕ್ರಮ ಶುರುವಾಯಿತು. ಮುಂದಾಳು ಪೆಕ್ಕ ಪುಸ್ಕ, ಆಗ ಇನ್ನೂ ಮೂವತ್ತಾಗದ ಡಾಕ್ಟರು.

ಗಂಡಸರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಸೇದುತ್ತಿದ್ದರು. ಬ್ರೆಡ್ಡಿಗೆ ದಪ್ಪ ಬೆಣ್ಣೆ, ಕೆನೆಹಾಲು, ಉಪ್ಪು. ತರಕಾರಿ ದನಕ್ಕೆ ಎಂಬ ಭಾವನೆ. ಕರಪತ್ರ ಹಂಚಿದರೆ ಏನೂ ಆಗುವುದಿಲ್ಲ ಎಂದು ಅವರಿಗೆ ಬೇಗ ಗೊತ್ತಾಯಿತು. ಆಗ ಗೃಹಿಣಿಯರ ಸಂಘ ಮುಂದೆ ಬಂತು. ಹಳ್ಳಿಹಳ್ಳಿಯಲ್ಲಿ ಊಟದ ಕೂಟ ಮಾಡಿ, ಹಳೆಯ ಮಾಂಸದ ಸಾರಿಗೇ ತರಕಾರಿ ಸೇರಿಸಿ, ಉಪ್ಪು ಕೊಬ್ಬು ಇಳಿಸಿ ಬಡಿಸಿದರು. ಊರಲ್ಲಿ ಮಾತಿಗೆ ಬೆಲೆ ಇದ್ದವರನ್ನು ಹುಡುಕಿ ತರಬೇತಿ ಕೊಟ್ಟರು. ಹಳ್ಳಿ ಹಳ್ಳಿಗಳ ನಡುವೆ ಕೊಲೆಸ್ಟ್ರಾಲ್ ಇಳಿಸುವ ಪಂದ್ಯ ಇಟ್ಟರು. ಸಾಸೇಜು ಮಾಡುವವರು ಕೊಬ್ಬಿನ ಒಂದು ಪಾಲನ್ನು ತೆಗೆದು ಅಣಬೆ ಹಾಕಿದರು.

ಹೈನುಗಾರರು ಮಾತ್ರ ಸಿಟ್ಟಾದರು. ಬೆಣ್ಣೆ ತಿನ್ನಬೇಡಿ ಎಂದರೆ ಅವರ ಹೊಟ್ಟೆಪಾಡು? ಇದಕ್ಕೆ ಸಿಕ್ಕ ಉಪಾಯ ಅಲ್ಲಿ ಚೆನ್ನಾಗಿ ಬೆಳೆಯುವ ಬೆರ್ರಿ ಹಣ್ಣು. ಹೈನಿನಿಂದ ಹಣ್ಣಿಗೆ ಬದಲಾಗುವವರಿಗೆ ನೆರವು ಕೊಟ್ಟರು. ನಾಲ್ಕು ದಶಕಗಳಲ್ಲಿ ಅಲ್ಲಿಯ ದುಡಿಯುವ ಹರೆಯದ ಗಂಡಸರ ಹೃದಯ ಕಾಯಿಲೆಯ ಸಾವು ಶೇ. 80ಕ್ಕಿಂತ ಜಾಸ್ತಿ ಇಳಿಯಿತು. ಪೂರ್ತಿ ಹೆಸರು ಈ ಕಾರ್ಯಕ್ರಮಕ್ಕೇ ಸಲ್ಲಬೇಕಾ ಎಂಬುದರಲ್ಲಿ ತಜ್ಞರಲ್ಲಿ ಚರ್ಚೆ ಇದೆ. ಫಿನ್‌ಲ್ಯಾಂಡಿನ ಉಳಿದ ಕಡೆಯೂ ಸಾವು ಇಳಿದಿತ್ತು, ಚಿಕಿತ್ಸೆಯೂ ಸುಧಾರಿಸಿತ್ತು.

ಹೊಟ್ಟೆಪಾಡಿನ ಈ ಪ್ರಶ್ನೆ ನಮಗೆ ಹೊಸದಲ್ಲ. ಉಪ್ಪಳ, ಮಂಜೇಶ್ವರ ಕಡೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಅಮ್ಮಂದಿರು ಎಷ್ಟಿಲ್ಲ! ಸೇದದಿದ್ದರೂ ತಂಬಾಕಿನ ಧೂಳು ಅವರ ಮೂಗಿಗೆ, ಕೈಗೆ ದಿನಾ ತಾಗುತ್ತದೆ. ಕಣ್ಣೂರಿನಲ್ಲಿ 1969ರಲ್ಲಿ ಹುಟ್ಟಿದ ದಿನೇಶ್ ಬೀಡಿ ಸಹಕಾರ ಸಂಘದಲ್ಲಿ ಒಂದು ಕಾಲಕ್ಕೆ 40,000ಕ್ಕೂ ಹೆಚ್ಚು ಕಾರ್ಮಿಕರಿದ್ದರು. ಬೀಡಿಗೆ ಬೇಡಿಕೆ ಇಳಿದಾಗ ಅದು ತೆಂಗಿನಹಾಲು, ಮಸಾಲೆ ಪುಡಿ, ಕೊಡೆ, ಬಟ್ಟೆ ಕಡೆ ತಿರುಗಿತು. ಆರೋಗ್ಯ ಇಲಾಖೆಯ ಯಾವ ಫೈಲಿನಲ್ಲೂ ಇದು ಆರೋಗ್ಯ ಕಾರ್ಯಕ್ರಮ ಅಂತ ಇರಲಿಕ್ಕಿಲ್ಲ. ನನ್ನ ಪ್ರಕಾರ ಕರೇಲಿಯಾದ ಬೆರ್ರಿ ಹಣ್ಣಿಗೆ ಹತ್ತಿರದ ಕಥೆ ಇದೇ.

ಕೇರಳದಲ್ಲೇ ನಡೆದ ಪ್ರಯೋಗವೂ ಒಂದು ಇದೆ. ತಿರುವನಂತಪುರ ಜಿಲ್ಲೆಯ ನೆಯ್ಯಾಟ್ಟಿಂಗರ ತಾಲೂಕಿನಲ್ಲಿ, ಸಕ್ಕರೆ ಕಾಯಿಲೆಯ ಅಪಾಯ ಇದ್ದ ಸಾವಿರದಷ್ಟು ಮಂದಿಯನ್ನು 60 ಪೋಲಿಂಗ್ ಬೂತುಗಳ ವ್ಯಾಪ್ತಿಯಿಂದ ಆರಿಸಿದರು. ಅರ್ಧದಷ್ಟು ಮಂದಿಗೆ ಒಂದು ವರ್ಷ ಗುಂಪು ಸಭೆಗಳು. ನಡೆಸಿದವರು ಆ ಊರಿನವರೇ, ತರಬೇತಿ ಪಡೆದ ಸಾಮಾನ್ಯ ಜನ. ಊಟ, ನಡಿಗೆ, ತಂಬಾಕು, ಕುಡಿತ, ನಿದ್ದೆ ಎಲ್ಲ ಮಾತಾಡಿದರು. 2018ರಲ್ಲಿ ಫಲಿತಾಂಶ ಬಂತು. ಎರಡು ವರ್ಷದಲ್ಲಿ ಸಕ್ಕರೆ ಕಾಯಿಲೆ ಹೊಸದಾಗಿ ಬಂದವರು ಗುಂಪಿನಲ್ಲಿದ್ದವರಲ್ಲಿ ಶೇ. 14.9, ಉಳಿದವರಲ್ಲಿ ಶೇ. 17.1. ಇಷ್ಟು ಚಿಕ್ಕ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು, ಗೆದ್ದಿತು ಎನ್ನುವ ಹಾಗಿಲ್ಲ. ಆದರೆ ಹಣ್ಣು ತರಕಾರಿ ತಿನ್ನುವುದು ಜಾಸ್ತಿಯಾಯಿತು, ಕುಡಿತ ಕಡಿಮೆಯಾಯಿತು, ಒಟ್ಟು ಅಪಾಯದ ಅಂಕ ಇಳಿಯಿತು. ಈ ಕೆಲಸ ನಿಧಾನ, ಒಂದು ದಿನದ ಶಿಬಿರಕ್ಕೆ ದಕ್ಕುವಂಥದ್ದಲ್ಲ. ಬ್ಯಾನರು ಕಟ್ಟಿ, ಉದ್ಘಾಟನೆ ಮಾಡಿ, ಶುಗರ್ ನೋಡಿ, ಕೊನೆಗೆ ಸಕ್ಕರೆ ಹಾಕಿದ ಚಹಾ ಮತ್ತು ಬಿಸ್ಕೆಟು ಕೊಡುವ ಶಿಬಿರಗಳನ್ನು ನಾವೆಲ್ಲ ನೋಡಿದ್ದೇವೆ!

ನಮ್ಮ ಕಡೆ ಏನು ಉಂಟು, ಎಲ್ಲಿ ಸೋರುತ್ತದೆ

ಕಾಸರಗೋಡಿನಲ್ಲಿ ಸಲಕರಣೆಗೆ ಬರಗಾಲವಿಲ್ಲ. ಪಂಚಾಯತಿಗೊಂದು ಆರೋಗ್ಯ ಕೇಂದ್ರ, ಅದರ ಕೆಳಗೆ ಉಪಕೇಂದ್ರಗಳು. ಬಿಪಿ ನೋಡಿಸಲು, ಬೆರಳಿಗೆ ಚುಚ್ಚಿ ಶುಗರ್ ನೋಡಿಸಲು ಮಂಗಳೂರಿಗೆ ಓಡಬೇಕಾಗಿಲ್ಲ. 1998ರಿಂದ ಇರುವ ಕುಟುಂಬಶ್ರೀಯ ನೆರೆಕರೆ ಕೂಟಗಳು ವಾರವಾರ ಸೇರುತ್ತವೆ. ಕರೇಲಿಯಾದವರು ಹುಡುಕಿಕೊಂಡು ಹೋದ ಗೃಹಿಣಿಯರ ಸಂಘ ನಮ್ಮಲ್ಲಿ ಮನೆ ಬಾಗಿಲಲ್ಲೇ ಇದೆ.

ಸೋರುವುದು ಇನ್ನೊಂದು ಕಡೆ. ಕೂಟಕ್ಕೆ ಬರುವವರು ಹೆಂಗಸರು, ಸೇದುವವರು ಹೆಚ್ಚಾಗಿ ಗಂಡಸರು. ಆರೋಗ್ಯ ಕೇಂದ್ರ ತೆರೆದಿರುವ ಹೊತ್ತಿಗೆ ಅವರು ಕೆಲಸದಲ್ಲಿರುತ್ತಾರೆ, ಆಶಾ ಕಾರ್ಯಕರ್ತೆ ಬಂದಾಗ "ಅವರು ಇಲ್ಲ" ಎಂಬ ಉತ್ತರ. ಇದಕ್ಕೆ ಕೇರಳದಲ್ಲಿ ನಡೆದ ಒಂದು ಪ್ರಯತ್ನ ಹೀಗಿದೆ: ಹೆಂಗಸರ ಕೂಟಗಳು ಸೇರಿ, ಮನೆಯೊಳಗೆ ಯಾರೂ ಸೇದಬಾರದು, ನೆಂಟರು ಬಂದರೂ ಇಲ್ಲ ಎಂದು ಊರಿಗೇ ಒಂದು ಒಪ್ಪಂದ ಮಾಡಿಕೊಳ್ಳುವುದು. ಗಂಡನಿಗೆ ಹೆಂಡತಿ ಒಬ್ಬಳೇ ಹೇಳಿದರೆ ಜಗಳ, ವಾರ್ಡೇ ಹೇಳಿದರೆ ನಿಯಮ. ಎದ್ದು ಅಂಗಳಕ್ಕೆ ಹೋಗಬೇಕಾದ ಕೂಡಲೇ ಬೀಡಿಯ ಲೆಕ್ಕವೂ ಇಳಿಯುತ್ತದೆ. ಗಂಡಸರನ್ನು ಹಿಡಿಯಬೇಕಾದರೆ ಅವರು ಸೇರುವಲ್ಲಿಗೇ ಹೋಗಬೇಕು: ಊರಿನ ಕ್ಲಬ್ಬು, ಭಜನಾ ಮಂದಿರ, ಮೀನುಗಾರಿಕೆಯ ಬಂದರು, ಸಂಜೆ ವಾಲಿಬಾಲ್ ಆಡುವ ಗದ್ದೆ.

ಭಾಷೆಯೂ ಒಂದು ವಿಷಯ. ಕರಪತ್ರ ಮಲಯಾಳದಲ್ಲಿ ಬಂದರೆ ಪೈವಳಿಕೆ, ವರ್ಕಾಡಿ, ಎಣ್ಮಕಜೆಯ ಅಜ್ಜನಿಗೆ ಅದು ಓದಲು ಬರುವುದಿಲ್ಲ. ಉಪ್ಪಿನ ಅಳತೆಯನ್ನೋ ಮಾತ್ರೆಯ ಹೊತ್ತನ್ನೋ ಅರ್ಧಂಬರ್ಧ ತಿಳಿದುಕೊಂಡರೆ ಪ್ರಯೋಜನ ಇಲ್ಲ. ಇಲ್ಲಿಯ ಆಶಾ ಕಾರ್ಯಕರ್ತೆಯರು ಕನ್ನಡ, ತುಳು, ಮಲಯಾಳ ಮೂರರಲ್ಲೂ ಒಂದೇ ಉಸಿರಿಗೆ ಮಾತಾಡಬಲ್ಲರು. ಕರಪತ್ರಕ್ಕಿಂತ ಅವರನ್ನೇ ಕೇಳುವುದು ಲೇಸು.

ಬಿಡಬೇಕು ಅಂತ ಇದ್ದರೆ

1800-11-2356. ಇದು ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಬೀಡಿ, ಸಿಗರೇಟು ಕಟ್ಟಿನ ಮೇಲೆಯೇ ಅಚ್ಚಾಗಿರುತ್ತದೆ. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಸೇರಿದ ಮೇಲೆ ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು. ಬಿಡುವ ದಿನ ಒಂದನ್ನು ಅವರು ನಿಮ್ಮಿಂದಲೇ ಹೇಳಿಸುತ್ತಾರೆ, ಆಮೇಲೆ ಅವರಾಗಿಯೇ ಕರೆ ಮಾಡಿ ವಿಚಾರಿಸುತ್ತಾರೆ. ನಡುವೆ ಒಂದು ಬೀಡಿ ಸೇದಿಬಿಟ್ಟರೆ ಅವರು ಬೈಯುವುದಿಲ್ಲ. ಎಲ್ಲಿ, ಯಾರ ಜೊತೆ, ಯಾವ ಹೊತ್ತಿಗೆ ಎಂದು ಕೇಳಿ ಮುಂದಿನ ಸಲಕ್ಕೆ ದಾರಿ ಹುಡುಕುತ್ತಾರೆ. ಹೆಚ್ಚಿನವರು ಪೂರ್ತಿ ಬಿಡುವುದು ಒಂದೇ ಸಲಕ್ಕೆ ಅಲ್ಲ.

ಚಟ ಗಟ್ಟಿಯಾಗಿದ್ದವರಿಗೆ ನಿಕೋಟಿನ್ ಗಮ್ ಉಂಟು, 2 ಮಿಲಿಗ್ರಾಂ ಮತ್ತು 4 ಮಿಲಿಗ್ರಾಮಿನದ್ದು. ಹೊಗೆ ಇಲ್ಲದೆ ಸ್ವಲ್ಪ ಸ್ವಲ್ಪ ನಿಕೋಟಿನ್ ಕೊಟ್ಟು, ಕೆಲವು ವಾರಗಳಲ್ಲಿ ಅದನ್ನೂ ಇಳಿಸುತ್ತಾ ಬರುವುದು ಇದರ ಉಪಾಯ. ಎಡವುವುದು ಜಗಿಯುವ ಕ್ರಮದಲ್ಲಿ. ಬಬಲ್ ಗಮ್ಮಿನ ಹಾಗೆ ಜಗಿದರೆ ರಸವೆಲ್ಲ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆ ಉರಿ. ನಿಧಾನ ಜಗಿಯಬೇಕು, ಖಾರ ಖಾರ ಅನಿಸಿದ ಕೂಡಲೇ ನಿಲ್ಲಿಸಿ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು, ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ಜಗಿಯುವ ಕಾಲು ಗಂಟೆ ಮೊದಲಿನಿಂದ ಚಹಾ, ಕಾಫಿ, ಸೋಡಾ ಬೇಡ, ಬಾಯಿ ಹುಳಿಯಾದರೆ ನಿಕೋಟಿನ್ ಒಳಗೆ ಹೋಗುವುದಿಲ್ಲ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ದಮ್ಮಿಗೆ ಥಿಯೋಫಿಲಿನ್ ಮಾತ್ರೆ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಬೀಡಿ ಬಿಡುವ ಮೊದಲೇ ಡಾಕ್ಟರಿಗೆ ತಿಳಿಸಬೇಕು. ಹೊಗೆ ನಿಂತ ಮೇಲೆ ಅದೇ ಡೋಸು ಜಾಸ್ತಿಯಾಗಬಹುದು.